ಮೂರರ ಮೇಲೆ ನಿಂತ ಮುಳ್ಳು

ಮಾಘ ಮಾಸದ ಚಳಿ ಇನ್ನೂ ಬಿಟ್ಟಿರಲಿಲ್ಲ, ಬೆಳಗಿನ ಒಂಬತ್ತು ಗಂಟೆಯ ಹೊತ್ತು. ಬೆಳಗಾವಿಯ ಒಂದು ತಗಡಿನ ಶೆಡ್ಡಿನಲ್ಲಿ ಮುದುಕನೊಬ್ಬ ನನ್ನ ಹೊಟ್ಟೆಯೊಳಗೆ ಸ್ಪ್ರಿಂಗು ಕೂರಿಸಿ, ಗಾಜು ಮುಚ್ಚಿ, ತಾನೇ ಹತ್ತಿ ನಿಂತ. ನನ್ನ ಮುಳ್ಳು ಓಡಿಹೋಗಿ ಐವತ್ತೆಂಟಕ್ಕೆ ನಿಂತಿತು. "ಬರೋಬ್ಬರಿ," ಅಂದ. ನಾನು ಕೇಳಿದ ಮೊದಲ ಮಾತು ಅದು. ನಾನು ಒಂದು ತೂಕದ ಯಂತ್ರ. ಅಕ್ಷರ ನನಗೆ ಬಾರದು. ಸೊನ್ನೆಯಿಂದ ನೂರಿಪ್ಪತ್ತರವರೆಗೆ ಅಂಕಿ ಬರುತ್ತದೆ, ಅಷ್ಟೇ ನನ್ನ ವಿದ್ಯೆ.

ಅಲ್ಲಿಂದ ಒಂದು ಅಂಗಡಿ, ಅಂಗಡಿಯಿಂದ ಬಾಗಲಕೋಟೆ ಕಡೆಯ ನೇಕಾರರ ಪೇಟೆಯ ಕುಲಗೋಡ ಡಾಕ್ಟರ ದವಾಖಾನೆ. ನರ್ಸು ಅಂಬಾಬಾಯಿಯ ಮೇಜಿನ ಬುಡದಲ್ಲಿ ನನ್ನ ಜಾಗ. ನೆಲದಲ್ಲಿ ಇರುವವನಿಗೆ ಮನುಷ್ಯರ ಮುಖ ದೂರ, ಪಾದ ಹತ್ತಿರ. ಕುಣಿಮಗ್ಗದ ಹಲಗೆ ತುಳಿದು ಬೆರಳು ಅಗಲವಾದ ಪಾದ, ಬಸುರಿಯ ಊದಿದ ಪಾದ, ಸೂಜಿಗೆ ಹೆದರಿ ನಡುಗುವ ಕೂಸಿನ ಪಾದ, ಎಲ್ಲ ನನಗೆ ಗುರುತು.

ಒಂದು ದಿನ ಹಮಾಲನೊಬ್ಬ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡೇ ಧೊಪ್ಪನೆ ನನ್ನ ಮೇಲೆ ಹತ್ತಿದ. ಅಂದಿನಿಂದ ನನ್ನ ಮುಳ್ಳು ಸೊನ್ನೆಗೆ ಮರಳಲಿಲ್ಲ. ಬರಿದಾಗಿದ್ದರೂ ಮೂರರ ಮೇಲೆ ನಿಲ್ಲುತ್ತಿತ್ತು.

"ರಿಪೇರಿ ಮಾಡಸೂಣು," ಅಂದರು ಡಾಕ್ಟರು.

"ಇರಲಿ ಬಿಡ್ರಿ, ಮೂರು ಕಳದು ಬರದರಾತು," ಅಂದಳು ಅಂಬಾಬಾಯಿ.

ಹನ್ನೊಂದು ವರ್ಷ ಆಕೆ ಹಾಗೆಯೇ ಮನಸ್ಸಿನಲ್ಲೇ ಮೂರು ಕಳೆದು ಬರೆದಳು. ಒಮ್ಮೆಯೂ ತಪ್ಪಲಿಲ್ಲ.

ಹನ್ನೊಂದನೆಯ ಆ ವರ್ಷ ಹೋಳಿ ಹುಣ್ಣಿಮೆಯ ಹೊತ್ತಿಗೆ, ರವಿಕೆಯ ಖಣ ನೇಯುವ ಬನಪ್ಪ ಸುಸ್ತು ಅಂತ ತನ್ನ ಮಗಳನ್ನು ಕರೆತಂದ. ಶಾಕಂಬರಿ ಅಂತ ಹೆಸರು, ಹದಿಮೂರು ವರ್ಷ. ಮುಳ್ಳು ನಲವತ್ತೊಂದು ತೋರಿಸಿತು, ಅಂಬಾಬಾಯಿ ಮೂವತ್ತೆಂಟು ಬರೆದಳು. ಎಂಟು ಗಂಟೆಗೆ ಬಂದು ಕೂತವರನ್ನು ಡಾಕ್ಟರು ಹನ್ನೆರಡಕ್ಕೆ ಒಳಗೆ ಕರೆದರು. ಜಂತಿನ ಗುಳಿಗೆ ಬರೆದು ಕಳಿಸಿದರು. "ನಾ ಇನ್ನೂ ಹೇಳಾಕತ್ತಿದ್ದೆ, ಅವರು ಬರದು ಮುಗಿಸಿದ್ರು," ಎಂದು ಬನಪ್ಪ ಚಪ್ಪಲಿ ಮೆಟ್ಟುತ್ತ ಗೊಣಗಿದ್ದು ನನಗೆ ಕೇಳಿಸಿತು.

ಮರುವಾರ ಅಂಬಾಬಾಯಿ ಮಗಳ ಬಾಣಂತನಕ್ಕೆ ಸೊಲ್ಲಾಪುರಕ್ಕೆ ಹೋದಳು. ಅವಳ ಕುರ್ಚಿಗೆ ಶೈಲಾ ಎಂಬ ಹೊಸ ಹುಡುಗಿ ಬಂದಳು. ಕಾಗದ ಎಲ್ಲಿದೆ, ಹತ್ತಿ ಎಲ್ಲಿದೆ ಎಂದು ಡಾಕ್ಟರು ಎಲ್ಲ ತೋರಿಸಿದರು. ನನ್ನ ಮೂರರ ಮಾತನ್ನು ಯಾರೂ ಹೇಳಲಿಲ್ಲ.

ಬನಪ್ಪ ಎರಡನೇ ಸಲ ಬಂದಾಗ ಹುಡುಗಿಯ ಪಾದ ನನಗೆ ಹಗುರಾಗಿತ್ತು. ಮುಳ್ಳು ಮೂವತ್ತೊಂಬತ್ತಕ್ಕೆ ನಿಂತಿತು. ಶೈಲಾ ಕಂಡದ್ದನ್ನು ಕಂಡಂತೆ ಬರೆದಳು.

"ಕೊಡಗಟ್ಲೆ ನೀರು ಕುಡೀತಾಳ್ರಿ. ಮೈ ಇಳದೈತ್ರಿ," ಎಂದ ಬನಪ್ಪನ ದನಿ ಡಾಕ್ಟರ ಕೋಣೆಯಿಂದ ಕೇಳಿಸಿತು.

"ಬ್ಯಾಸಗಿ ಅದ, ಕುಡೀಲಿ ಬಿಡು. ಮೈ ಎಲ್ಲಿ ಇಳದದ? ಒಂದು ಕಿಲೊ ಏರ್ಯಾಳ ನೋಡು. ಪರೀಕ್ಷಾ ಬಂತಲ್ಲ, ಸಾಲಿ ತಪ್ಪಸೂ ಆಟ," ಅಂದರು ಡಾಕ್ಟರು.

ಬಾಯಿ ಇದ್ದಿದ್ದರೆ, ಮೂವತ್ತಾರು, ಎರಡು ಕಿಲೊ ಇಳಿದಿದ್ದಾಳೆ ಎಂದು ಕೂಗುತ್ತಿದ್ದೆ.

ಮೊದಲ ಸಲ ಬಂದು ಇಪ್ಪತ್ತೆಂಟು ದಿನವಾಗಿತ್ತು. ಗುರುವಾರ. ಬನಪ್ಪನ ಜೊತೆ ಅವನ ತಾಯಿ ಕಸ್ತೂರೆವ್ವನೂ ಬಂದಳು. ಶಾಕಂಬರಿಗೆ ನಿಲ್ಲಲು ಆಗುತ್ತಿರಲಿಲ್ಲ, ಅಪ್ಪನ ಭುಜಕ್ಕೆ ಒರಗಿದ್ದಳು.

ಆ ಪೇಟೆಯಲ್ಲಿ ನೂಲನ್ನು ತೂಗಿ ಕೊಡುತ್ತಾರೆ, ನೇಯ್ದ ಬಟ್ಟೆಯನ್ನು ತೂಗಿ ಒಯ್ಯುತ್ತಾರೆ. ಅದಕ್ಕೆ ನೂಲು ಇಡುವ ಮುಂಚೆ ಬರಿದಾದ ತಕ್ಕಡಿಯನ್ನು ಕಣ್ಣಾರೆ ನೋಡುವುದು ನೇಕಾರರ ರೂಢಿ. ಮೊಮ್ಮಗಳನ್ನು ಹತ್ತಿಸಲು ಹೋದ ಶೈಲಾಳ ಕೈಯನ್ನು ಕಸ್ತೂರೆವ್ವ ತಡೆದಳು.

"ತಡಿಯವ್ವಾ, ಮದಲ ಬರೇ ಕಾಟಾ ತೋರಸು."

"ಇದು ನೂಲಿನ ಕಾಟಾ ಅಲ್ಲಜ್ಜಿ, ಮನಶ್ಯಾರನ್ನ ತೂಗೂದು."

"ಮನಶ್ಯಾರು ನೂಲಿಗಿಂತ ಸಸ್ತಾ ಅದಾರೇನು?"

ಮುದುಕಿ ನೆಲದ ಮೇಲೆ ಕೂತಳು. ನನ್ನ ಗಾಜಿಗೆ ಎರಡು ಬೆರಳು ದೂರದಲ್ಲಿ ಅವಳ ಕಣ್ಣು. ಹನ್ನೊಂದು ವರ್ಷದಲ್ಲಿ ನಾನು ಬರಿದಾಗಿರುವಾಗ ನನ್ನನ್ನು ಹೀಗೆ ನೋಡಿದವರಿಲ್ಲ.

"ಯಾರೂ ನಿಂತಿಲ್ಲ. ಈ ಮೂರು ಕಿಲೊ ಯಾರದು?"

ಅವಳ ಬೆರಳು ನನ್ನ ಅಂಚಿನ ಅಡಿ ತಡಕಾಡಿತು. ಅಲ್ಲಿ ಹಲ್ಲುಹಲ್ಲಿನ ಪುಟ್ಟ ಗಾಲಿಯೊಂದಿದೆ, ಬೆಳಗಾವಿಯ ಮುದುಕ ಇಟ್ಟದ್ದು. ಮಗ್ಗದ ಬಿಗಿ ಸಡಿಲ ಮಾಡಿ ಪಳಗಿದ ಬೆರಳು, ಮೆಲ್ಲಗೆ ತಿರುವಿತು. ನನ್ನ ಮುಳ್ಳು ಎರಡಕ್ಕೆ ಬಂತು, ಒಂದಕ್ಕೆ ಬಂತು, ಸೊನ್ನೆಗೆ ಬಂದು ನಿಂತಿತು. ಇಷ್ಟೇ ಇದ್ದದ್ದು ಕೆಲಸ.

ಹುಡುಗಿ ಹತ್ತಿದಳು. ಮೂವತ್ತಮೂರು.

ಕಸ್ತೂರೆವ್ವ ಡಾಕ್ಟರ ಬಾಗಿಲಿಗೆ ನಡೆದಳು. "ಏ ಅಜ್ಜಿ, ಪಾಳಿ," ಎಂದಿತು ಸರದಿಗೆ ಕಾದು ಕೂತವರ ಬೆಂಚು.

"ನಿಮ್ಮ ಪಾಳಿ ನನಗ ಬ್ಯಾಡೋ ಯಪ್ಪಾ. ನಾ ಒಳಗ ಹೋಗೂದಿಲ್ಲ, ಅವರನ್ನ ಹೊರಗ ಕರೀತೀನಿ."

ಡಾಕ್ಟರು ಸಿಡುಕುತ್ತಲೇ ಬಂದರು. ಅವರ ಬೂಟು ನನ್ನ ಪಕ್ಕ ನಿಂತಿತು. ಅಂಕಿ ನೋಡಿದವರು ಕಾಗದ ನೋಡಿದರು. ಮೂವತ್ತೆಂಟು, ಮೂವತ್ತೊಂಬತ್ತು, ಮೂವತ್ತಮೂರು.

"ಹ್ವಾದ ಸಲ ಮೂರು ಕಳದಿಲ್ಲೇನು?" ಶೈಲಾಳನ್ನು ಕೇಳಿದರು.

"ಯಾವ ಮೂರು ಸರ್?"

ಡಾಕ್ಟರು ಮಂಡಿಯೂರಿ ಹುಡುಗಿಯ ಬೆರಳು ಚುಚ್ಚಿ, ಸಕ್ಕರೆ ನೋಡುವ ಪುಟ್ಟ ಯಂತ್ರಕ್ಕೆ ಒಂದು ಹನಿ ರಕ್ತ ಕೊಟ್ಟರು. ಅದು ಅಂಕಿಯನ್ನೇ ತೋರಿಸಲಿಲ್ಲ, ಅದರ ಎಣಿಕೆಗೂ ಮೀರಿತ್ತು. ಗಳಿಗೆ ತಡಮಾಡದೆ ತಮ್ಮ ಕಾರಿನಲ್ಲೇ ಮೂವರನ್ನೂ ಕೂರಿಸಿಕೊಂಡು ಬಾಗಲಕೋಟೆಯ ದೊಡ್ಡ ಆಸ್ಪತ್ರೆಗೆ ಓಡಿಸಿದರು.

ಆಮೇಲಿನ ದಿನಗಳು ನನಗೆ ಕಷ್ಟದವು. ಯಾರ ಪಾದ ಬಿದ್ದರೂ ಆ ಹುಡುಗಿಯದೇ ಅನ್ನಿಸುತ್ತಿತ್ತು. ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಎರಡು ಪಾದ ಹತ್ತಿದವು, ಬಿಸಿ ಇದ್ದವು, ಗಟ್ಟಿ ಇದ್ದವು. ಮುಳ್ಳು ಎಷ್ಟು ಜೋರಾಗಿ ಓಡಿತೆಂದರೆ ನನಗೇ ತಡೆಯಲಾಗಲಿಲ್ಲ. ಮೂವತ್ತೇಳು.

"ದಿನಾ ಸೂಜಿ ನಾನೇ ಚುಚ್ಚಿಕೊಳ್ತೀನ್ರಿ. ಅಜ್ಜಿ ಕಣ್ಣು ಮುಚ್ಚಿಕೊಳ್ತಾಳ," ಅಂದಳು ಶಾಕಂಬರಿ.

ಸೊಲ್ಲಾಪುರದಿಂದ ಮರಳಿದ್ದ ಅಂಬಾಬಾಯಿ ನಕ್ಕಳು. ಕಸ್ತೂರೆವ್ವ ಸೆರಗಿನಿಂದ ಒಂದು ಹೊಸ ಖಣ ತೆಗೆದು ಸುತ್ತ ನೋಡಿದಳು.

"ಆ ಹುಡುಗಿ ಎಲ್ಲಿ?"

"ಆಕಿನ್ನ ಬಿಡಸೀವಿ," ಅಂದರು ಡಾಕ್ಟರು. "ಅಂಥಾ ತಪ್ಪು ಮಾಡಿದವರನ್ನ ಹ್ಯಾಂಗ ಇಟ್ಟುಕೊಳ್ಳೂದು?"

"ಆಕಿಗೆ ಹೇಳದವರು ಇಲ್ಲೇ ಅದಾರಲ್ರೀ."

ಡಾಕ್ಟರು ಮುಂದಿನವರನ್ನು ಕರೆದರು. ಮುದುಕಿ ಖಣವನ್ನು ಮತ್ತೆ ಸೆರಗಿನಲ್ಲಿ ಕಟ್ಟಿಕೊಂಡಳು.

ಈಗ ಮೇಜಿನ ಬುಡದಲ್ಲಿ ಕರೆಂಟಿನ ಹೊಸ ಯಂತ್ರವಿದೆ. ನಾನು ಮೆಟ್ಟಿಲ ಕೆಳಗೆ, ಮುರಿದ ಸ್ಟೂಲಿನ ಜೊತೆ ಇದ್ದೇನೆ. ಹೊತ್ತು ಬೇಕಾದಷ್ಟಿದೆ, ಯೋಚಿಸುತ್ತೇನೆ. ಸುಳ್ಳು ತೂಗಿದವನು ನಾನು. ಗೊತ್ತಿದ್ದೂ ಮರೆತವರು ಡಾಕ್ಟರು. ಹೇಳದೆ ಊರಿಗೆ ಹೋದವಳು ಅಂಬಾಬಾಯಿ. ನಾವು ಮೂವರೂ ಇನ್ನೂ ಈ ದವಾಖಾನೆಯಲ್ಲೇ ಇದ್ದೇವೆ. ಬಿಟ್ಟು ಹೋದವಳು ಶೈಲಾ ಒಬ್ಬಳೇ, ಆ ಗುರುವಾರದ ಮೂರನೆಯ ದಿನ, ಶನಿವಾರ.