ಅಪ್ಪನ ಕಾಲಿನ ಅಚ್ಚು

ಅಪ್ಪನ ಹಿಮಜಾರು ಬೋರ್ಡಿಗೆ ಬೂಟು ಬಿಗಿಯುವ ಬೈಂಡಿಂಗಿನ ಮೂರು ತಿರುಪು ಸಡಿಲವಾದವು, ನಾಲ್ಕನೆಯದು ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ, ಒತ್ತಿ ಹಿಡಿದಷ್ಟೂ ಸ್ಕ್ರೂಡ್ರೈವರ್ ಜಾರಿ ಅಂಗೈಗೆ ತಿವಿಯುತ್ತದೆ, ನೆಲಮಾಳಿಗೆಯ ತುಂಬ ಹುಳಿಗೆ ಹಾಕಿದ ಎಲೆಕೋಸಿನ ವಾಸನೆ, ಬೋರ್ಡಿಗೆ ಸವರುವ ಮೇಣದ ವಾಸನೆ, ಮೇಲೆ ಅಡುಗೆಮನೆಯಲ್ಲಿ ಅಪ್ಪ ನಡೆದಾಡುವ ಸದ್ದು — ಎಡಗಾಲು ಟಕ್ಕೆಂದು, ಬಲಗಾಲು ಸರ್ರೆಂದು ಎಳೆದುಕೊಂಡು, ಸೊಂಟಕ್ಕೆ ಹೊಸ ಕೀಲು ಹಾಕಿಸಿಕೊಂಡ ಮೇಲೆ ಆ ಪಾದ ಹೊರಕ್ಕೆ ತಿರುಗಿಕೊಂಡಿದೆ, ಬಾತುಕೋಳಿಯ ಪಾದ, ನನ್ನನ್ನು ಹಾಗೆ ತಾನೆ ಅವನು ಕರೆಯುತ್ತಿದ್ದದ್ದು, ನಮ್ಮ ಬಾತುಕೋಳಿ ಬಂತು ದಾರಿ ಬಿಡ್ರೋ ಎಂದು, ಇಡೀ ಕ್ಲಬ್ಬಿನ ಮಕ್ಕಳ ಮುಂದೆ, ಹುಟ್ಟುವಾಗಲೇ ನನ್ನ ಪಾದ ಹೊರಕ್ಕೆ, ಅದು ನನ್ನ ತಪ್ಪೇ — ಈಗ ನೋಡು, ಎಪ್ಪತ್ತು ದಾಟಿದ ಮೇಲೆ ಅವನೂ ಅದೇ ನಡಿಗೆ ನಡೆಯುತ್ತಿದ್ದಾನೆ, ಯಾರೂ ನಗುತ್ತಿಲ್ಲ, ನಾನೂ ನಗುವುದಿಲ್ಲ, ನಕ್ಕರೆ ಯಾಕೆಂದು ಅವನಿಗೆ ಹೊಳೆಯುವುದೂ ಇಲ್ಲ. ಬೆಳಿಗ್ಗೆ ಕಾಫಿ ಕುಡಿಯುತ್ತ ಎಷ್ಟು ಸಲೀಸಾಗಿ ಅಂದುಬಿಟ್ಟ, ನೇಯಾ, ಹಿಂದಿನ ಕಾಲಿನ ಬೈಂಡಿಂಗ್ ಒಂಚೂರು ಹೊರಗೆ ತಿರುಗಿಸಿ ಹಾಕೇ, ಇದ್ದ ಹಾಗೇ ನಿಂತ್ರೆ ಮಂಡಿ ಒಳಗೆ ತಿರುಚ್ಕೊಳ್ಳುತ್ತೆ, ಮಧ್ಯಾಹ್ನ ಕ್ಲಬ್ಬಿನವರೆಲ್ಲ ಬರ್ತಾರೆ, ಬೆಟ್ಟದಿಂದ ಒಂದ್ಸಲ ಇಳಿದು ಬರ್ತೀನಿ, ಡಾಕ್ಟರೂ ಬೇಡ ಅಂದಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ನನ್ನ ಕೈ ನಿಂತೇ ಹೋಯಿತು. ಹಿಂದಿನ ಕಾಲು, ಒಂಚೂರು ಹೊರಗೆ, ಮಂಡಿ ತಿರುಚುತ್ತೆ — ಒಂದಕ್ಷರ ಬಿಡದೆ ನನ್ನ ಮಾತು, ಹದಿನಾಲ್ಕನೇ ವಯಸ್ಸಿನಲ್ಲಿ ನಾನು ಅವನೆದುರು ನಿಂತು ಅಂಗಲಾಚಿದ ಮಾತು. ಬಗ್ಗೋಕಾಗ್ತಿದ್ರೆ ನಾನೇ ಮಾಡ್ಕೋತಿದ್ದೆ ಎಂದೂ ಸೇರಿಸಿದ. ಇಷ್ಟು ವರ್ಷ ತನ್ನ ಬೋರ್ಡಿನ ಒಂದು ತಿರುಪನ್ನೂ ಯಾರಿಗೂ ಮುಟ್ಟಲು ಬಿಟ್ಟವನಲ್ಲ.

ಎಣ್ಣೆ ಬಿಡಬೇಕು, ಎಲ್ಲಿಟ್ಟಿದ್ದಾನೋ — ಹಾಂ, ಇಲ್ಲಿದೆ, ಈ ವಾಸನೆ ಮೂಗಿಗೆ ಬಡಿದರೆ ಸಾಕು, ನವೆಂಬರ್ ತಿಂಗಳು, ಅಗ್ನಿಶಾಮಕ ಠಾಣೆಯ ಸಭಾಂಗಣ, ಮೊದಲ ಹಿಮ ಬೀಳುವ ಮುಂಚೆ ಊರಿನ ಮಕ್ಕಳೆಲ್ಲ ಬೋರ್ಡು ಹೊತ್ತು ಸಾಲಾಗಿ ನಿಂತಿದ್ದೇವೆ, ತಾಯಂದಿರು ಚಹಾ ಕೊಡುತ್ತಿದ್ದಾರೆ, ಅಕ್ರೋಟು ತುಂಬಿದ ಸಿಹಿ ಸುರುಳಿ ಬ್ರೆಡ್ಡು ಪೊತಿತ್ಸಾ ಕೊಯ್ದು ಹಂಚುತ್ತಿದ್ದಾರೆ, ಮೇಜಿನ ಆಚೆ ಅಪ್ಪ, ಅವನ ಮುಂದೆ ಆ ಹಾಳಾದ ಪ್ಲೈವುಡ್ ಅಚ್ಚು. ನಮ್ಮದು ಅಡ್ಡಡ್ಡ ನಿಂತು ಜಾರುವ ಅಗಲದ ಬೋರ್ಡಲ್ಲ, ಅಂಚಿನ ಮೇಲೆ ವಾಲಿ ಹಿಮವನ್ನು ಕೊರೆದುಕೊಂಡು ಹೋಗುವ ಕಿರಿದಾದ ಬೋರ್ಡು, ಎರಡು ಪಾದವೂ ಒಂದರ ಹಿಂದೊಂದು, ಹೆಚ್ಚುಕಡಿಮೆ ಮುಂದಕ್ಕೇ ನೋಡಬೇಕು, ಎಷ್ಟು ಮುಂದಕ್ಕೆ ಅನ್ನುವುದೇ ಎಲ್ಲ, ಆ ಎಷ್ಟು ಎನ್ನುವುದನ್ನು ಅಪ್ಪ ತನ್ನ ಬೂಟು ಹಾಕಿಕೊಂಡು ಪ್ಲೈವುಡ್ ಮೇಲೆ ನಿಂತು, ಸುತ್ತ ಪೆನ್ಸಿಲ್ ಎಳೆದು, ಗರಗಸದಲ್ಲಿ ಕೊಯ್ದು ಇಟ್ಟಿದ್ದ. ಪೊಹೋರ್ಯೆ ಬೆಟ್ಟದ ಈ ಮಗ್ಗುಲಿಗೆ ಅಂಥ ಬೋರ್ಡು ಮೊದಲು ತಂದವನು ಅವನೇ, ಹಾಗಾಗಿ ಅಚ್ಚೂ ಅವನದೇ, ಯಾರ ಬೋರ್ಡು ಬಂದರೂ ಅದರ ಮೇಲೆ ಇಡುವುದು, ಬೈಂಡಿಂಗನ್ನು ಅದಕ್ಕೆ ಸರಿಯಾಗಿ ತಿರುಗಿಸುವುದು, ಬಿಗಿಯುವುದು, ಮುಂದಿನವರು ಬನ್ನಿ. ಕುಳ್ಳರು, ಉದ್ದನೆಯವರು, ಡೊಂಕುಗಾಲಿನವರು, ಎಲ್ಲರೂ ಅವನ ಕಾಲ ಮೇಲೇ ನಿಂತೆವು. ಅದೊಂದು ಹೆಮ್ಮೆ ಬೇರೆ, ದೂರದಿಂದ ನೋಡಿದರೂ ನಮ್ಮೂರಿನ ಮಕ್ಕಳು ಅಂತ ಗೊತ್ತಾಗುತ್ತಿತ್ತಂತೆ. ಚಿಕ್ಕಪ್ಪನ ಮಗಳು ಉರ್ಶ್ಕಾಗೆ ಅದು ಅಳತೆ ತೆಗೆದು ಮಾಡಿದ ಹಾಗೆ ಕೂತಿತು, ಅವಳ ಕಾಲೂ ಅಪ್ಪನ ಕಾಲೂ ಒಂದೇ, ಮಗಳು ನಾನು, ಕಾಲು ಅವಳದು. ಅಪ್ಪಾ, ಹಿಂದಿನದು ಒಂಚೂರು ಹೊರಗೆ ತಿರುಗಿಸು ಅಂದೆ. ನಿನ್ನೊಬ್ಬಳ ಕಾಲಿಗೋಸ್ಕರ ಅಚ್ಚು ಬದಲಾಯಿಸಕ್ಕಾಗುತ್ತಾ, ಹೊರಗೆ ತಿರುಗಿಸಿದ್ರೆ ಬೂಟಿನ ತುದಿ ಅಂಚು ದಾಟುತ್ತೆ, ವಾಲಿದಾಗ ಹಿಮಕ್ಕೆ ತಗಲಿಕೊಂಡು ಬೀಳ್ತೀಯ, ಕಾಲನ್ನ ಒಗ್ಗಿಸ್ಕೋ ಅಂದ. ಅವನು ಹೇಳಿದ್ದು ಸುಳ್ಳೂ ಅಲ್ಲ, ಅದೇ ಸಂಕಟ. ಆದರೆ ಬೈಂಡಿಂಗಿನ ಕೆಳಗೆ ಒಂದು ದಪ್ಪ ಪ್ಲಾಸ್ಟಿಕ್ ಹಲಗೆ ಇಟ್ಟು ಎತ್ತರಿಸಿದರೆ ಬೂಟು ಹಿಮಕ್ಕೆ ತಗಲುವುದಿಲ್ಲ, ಗಡಿ ದಾಟಿದರೆ ಆಸ್ಟ್ರಿಯಾದ ಯಾವ ಅಂಗಡಿಯಲ್ಲೂ ಸಿಗುತ್ತಿತ್ತು, ಕೇಳಿದೆ, ಅದೆಲ್ಲ ಆ ಕಡೆಯವರ ಶೋಕಿ ಅಂದ, ಮುಂದಿನವರನ್ನು ಕರೆದ.

ಒಮ್ಮೆ ಕದ್ದು ತಿರುಗಿಸಿಕೊಂಡೂ ನೋಡಿದೆ, ಎತ್ತರಿಸುವ ಹಲಗೆಯಿಲ್ಲದೆ, ಬೂಟು ತಗಲಿ ಎಲ್ಲರೆದುರು ಮುಖ ಅಡಿಯಾಗಿ ಬಿದ್ದೆ, ನೋಡಿದ್ಯಾ ಎಂದ ಅಪ್ಪ, ಅಷ್ಟೇ, ನೋಡಿದ್ಯಾ, ಮತ್ತೆ ಅಚ್ಚಿಗೇ ತಿರುಗಿಸಿ ಬಿಗಿದ. ಸಂಜೆ ಸಂಜೆ ಮಂಡಿ ಊದುತ್ತಿತ್ತು, ಅಮ್ಮ ಪ್ಲಮ್ ಬ್ರಾಂದಿಯಲ್ಲಿ ನೆನೆಸಿಟ್ಟ ಆರ್ನಿಕಾ ಹೂವಿನ ರಸ ತಿಕ್ಕುತ್ತಿದ್ದಳು, ನಿಮ್ಮಪ್ಪನಿಗೆ ಹೇಳ್ಬೇಡ ಸುಮ್ನೆ ರೇಗ್ತಾರೆ ಎನ್ನುತ್ತಿದ್ದಳು, ಪಾಪ, ಈಗ ಅವಳೂ ಇಲ್ಲ. ಆಮೇಲೆ ರಾಷ್ಟ್ರೀಯ ತಂಡದ ಆಯ್ಕೆಯ ಸ್ಪರ್ಧೆ, ಎಂಥ ಬಿಸಿಲು ಆ ದಿನ, ಗಟ್ಟಿ ಹಿಮ, ಅರ್ಧ ಇಳಿಜಾರಿನವರೆಗೂ ನಾನೇ ಮುಂದಿದ್ದೆ, ಉರ್ಶ್ಕಾಗಿಂತ ಮುಂದಿದ್ದೆ, ಅದನ್ನಾದರೂ ಯಾರಾದರೂ ನೆನಪಿಟ್ಟಿದ್ದಾರೆಯೇ — ಎಡಕ್ಕೆ ವಾಲಿದೆ, ಹಿಂದಿನ ಮಂಡಿ ಒಳಕ್ಕೆ ಹೋಯಿತು, ವಾಪಸು ಬರಲಿಲ್ಲ, ಹಸಿ ಕೊಂಬೆ ಸೀಳಿದ ಹಾಗೆ ಒಳಗೇ ಒಂದು ಸದ್ದು. ಆಸ್ಪತ್ರೆಗೆ ಅಪ್ಪ ಕಿತ್ತಳೆ ತಂದ, ಮಂಚದ ತುದಿಯಲ್ಲಿ ಕೂತು ತಾನೇ ಸುಲಿದು ತಿನ್ನುತ್ತ ಅಂದ, ಉರ್ಶ್ಕಾ ಎರಡನೇ ಸ್ಥಾನ, ತಂಡಕ್ಕೆ ತಗೊಂಡ್ರು. ಅವಳ ಫೋಟೋ ಇವತ್ತಿಗೂ ಅಂಚೆ ಕಚೇರಿಯ ಗೋಡೆಯ ಮೇಲಿದೆ, ಪಾರ್ಸೆಲ್ ಬಿಡಿಸಿಕೊಳ್ಳಲು ಹೋದಾಗಲೆಲ್ಲ ನೋಡುತ್ತೇನೆ, ಎಷ್ಟು ಚೆನ್ನಾಗಿ ನಿಂತಿದ್ದಾಳೆ, ಹೊಟ್ಟೆ ಉರಿಯುತ್ತದೆ, ಅವಳ ಮೇಲಲ್ಲ.

ಅಂತೂ ಬಂತು ನಾಲ್ಕನೆಯ ತಿರುಪು. ಈಗ ನನ್ನ ಕೈಯಲ್ಲಿದೆ ಎಲ್ಲ, ಹಳೆಯ ಗುರುತಿಗೇ ಬಿಗಿದು, ಮಂಡಿಯನ್ನ ಒಗ್ಗಿಸ್ಕೋ ಅಪ್ಪ ಅನ್ನಬಹುದು, ಹಾಗೆಂದರೂ ಹೋಗಿಯೇ ತೀರುತ್ತಾನೆ, ಹಟಮಾರಿ. ಇಲ್ಲ ಕೇಳಿದಷ್ಟೇ ಮಾಡಬಹುದು, ಹೊರಗೆ ತಿರುಗಿಸು ಅಂದ, ತಿರುಗಿಸಿದೆ, ಎತ್ತರಿಸು ಅಂದನೇ, ಇಲ್ಲವಲ್ಲ, ಒಂದೆರಡು ತಿರುವು ಸರಿಯಾಗಿಯೇ ಹೋಗುತ್ತಾನೆ, ಆಮೇಲೆ ಬೂಟಿನ ತುದಿ ಹಿಮಕ್ಕೆ ತಗಲಿಕೊಂಡು ಹೊಸ ಕೀಲಿನ ಮೇಲೇ ಬಿದ್ದು — ಥೂ, ಎಂಥ ಹೆಂಗಸೇ ನೀನು, ಬಿದ್ದರೆ ಮತ್ತೆ ಏಳುತ್ತಾನೆಯೇ ಅವನು, ಒಪ್ಪಿಕೊಳ್ಳುತ್ತೇನೆ, ಆ ಬೀಳುವಿಕೆಯನ್ನು ಮನಸ್ಸಿನಲ್ಲೇ ಪೂರ್ತಿ ನೋಡಿದೆ, ಕಣ್ಣು ಮುಚ್ಚಲಿಲ್ಲ, ಸ್ವಲ್ಪ ಹಿತವೂ ಆಯಿತು. ಆಮೇಲೆ ಮೂಲೆಯಲ್ಲಿದ್ದ ನನ್ನ ಬೋರ್ಡನ್ನು ಎಳೆದು ಅದರಲ್ಲಿದ್ದ ಎತ್ತರಿಸುವ ಹಲಗೆಗಳನ್ನು ಬಿಚ್ಚಿದೆ, ಮಂಡಿ ವಾಸಿಯಾದ ಮೇಲೆ, ಮದುವೆಗೂ ಮುಂಚೆ ನನ್ನ ಸಂಬಳದಲ್ಲಿ ನಾನೇ ಕೊಂಡವು, ಇವತ್ತು ನನಗೆ ಇಳಿಯುವ ಯೋಗವಿಲ್ಲ ಬಿಡು. ಹಲಗೆ ಕೂರಿಸಿ, ಉದ್ದನೆಯ ತಿರುಪು ಹಾಕಿ, ಪಾದದ ತಟ್ಟೆಯನ್ನು ಹೊರಕ್ಕೆ ತಿರುಗಿಸಿ, ಅವನ ಬೂಟನ್ನು ಅದರಲ್ಲಿಟ್ಟು ಕೊಂಚ ಹಿಂದಕ್ಕೆ ಸರಿಸಿದೆ, ತುದಿಯೂ ಹಿಮ್ಮಡಿಯೂ ಅಂಚಿಗೆ ಸಮ ಬರಬೇಕು. ಬೋರ್ಡನ್ನು ಅಂಚಿನ ಮೇಲೆ ವಾಲಿಸಿ ಕಬ್ಬಿಣದ ಅಳತೆಪಟ್ಟಿ ಇಟ್ಟು ನೋಡಿದೆ, ಬೂಟು ಎಲ್ಲೂ ತಗಲುತ್ತಿಲ್ಲ, ಮತ್ತೊಮ್ಮೆ ನೋಡಿದೆ, ನನ್ನ ಬೋರ್ಡಿಗೂ ಇಷ್ಟು ನಿಗಾ ವಹಿಸಿದವಳಲ್ಲ.

ಆಯ್ತೇನೇ ಎನ್ನುತ್ತ ಅಪ್ಪ ಮೆಟ್ಟಿಲ ಕಂಬಿ ಹಿಡಿದು ಇಳಿದು ಬಂದ, ಹಳೆಯ ಜಮಖಾನೆಯ ಮೇಲೆ ಬೋರ್ಡು ಇಟ್ಟೆ, ಬೂಟು ತೊಡಿಸಿದೆ, ನನ್ನ ಹೆಗಲು ಹಿಡಿದು ಹತ್ತಿದ, ಅವನು ಬಗ್ಗುವ ಹಾಗಿಲ್ಲವಲ್ಲ, ನಾನೇ ಅವನ ಕಾಲ ಬುಡದಲ್ಲಿ ಕೂತು ಬೂಟಿನ ಮುಂದಿನ ಕೊಂಡಿ ಹಾಕಿದೆ, ಕೂತಾಗ ನನ್ನ ಮಂಡಿ ಲಟಕ್ಕೆಂದಿತು, ಅವನಿಗೆ ಕೇಳಿಸಿರಲೂಬಹುದು. ಬಾಗಿ ನೋಡು ಎಂದೆ. ಬಾಗಿದ, ಎದ್ದ, ಎರಡನೇ ಸಲ ಇನ್ನೂ ಆಳಕ್ಕೆ ಬಾಗಿದ, ಮುಖದ ಗಂಟು ಬಿಚ್ಚಿಕೊಂಡಿತು, ಅಯ್ಯೋ ಏನೂ ನೋವಿಲ್ಲ ಕಣೇ, ಬೆಣ್ಣೆ ಹಾಗೆ ಹೋಗುತ್ತೆ, ಇಷ್ಟು ಸಣ್ಣ ಕೆಲಸ, ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಬಾಯಿಬಿಟ್ಟು ಹೇಳ್ಲಿಲ್ಲವಲ್ಲ. ನಾನು ಹೇಳಿದ್ದೆ ಅಪ್ಪ ಎಂದೆ. ಯಾರು, ನೀನಾ, ನೀನು ಆಗ ಎಲ್ಲದಕ್ಕೂ ಗೊಣಗ್ತಾನೇ ಇದ್ದೆ ಬಿಡು, ಯಾವುದನ್ನ ಅಂತ ಕೇಳಿಸ್ಕೊಳ್ಳೋದು — ನಗುತ್ತಿದ್ದಾನೆ, ಕೆಟ್ಟ ನಗುವೂ ಅಲ್ಲ ಅದು, ತೂಕ ತಪ್ಪದಿರಲೆಂದು ನನ್ನ ತಲೆಯ ಮೇಲೆ ಕೈಯೂರಿ ಮತ್ತೆ ಬಾಗುತ್ತಾನೆ, ನಾನು ಏಳುವ ಹಾಗೂ ಇಲ್ಲ, ನನ್ನ ಕಣ್ಣಿನ ನೇರಕ್ಕೆ ಅವನ ಬಲ ಮಂಡಿ, ಒಳಕ್ಕೂ ಇಲ್ಲ ಹೊರಕ್ಕೂ ಇಲ್ಲ, ಹೆಬ್ಬೆರಳಿನ ಮೇಲೆ ನೆಟ್ಟಗೆ, ಬಾಗುತ್ತದೆ, ಏಳುತ್ತದೆ, ನೆಟ್ಟಗೆ, ಬಾಗುತ್ತದೆ, ಏಳುತ್ತದೆ, ಆ ಮಂಡಿ, ನೆಟ್ಟಗೆ, ಆ ಮಂಡಿ —