ಎಮ್ಮೆಯ ಕಾಲು ನೆತ್ತಿಗೇರಿದ್ದು ಯಾರಿಂದ

೧
ಮೂಡಲಗಿಯ ಮನೆಯಲ್ಲಿ ವಿಜಯಶ್ರೀ ಪುಂಡಿಪಲ್ಯದ ಎಲೆ ಬಿಡಿಸುತ್ತಿದ್ದಾಳೆ. ಅರ್ಧ ಸೂಡು ಮುಗಿದಿದೆ. ಎದುರಿಗೆ ಲ್ಯಾಪ್‌ಟಾಪು, ಅದರಿಂದ ಹೊರಟ ವೈರು, ವೈರಿನ ತುದಿಗೆ ಪುಟ್ಟ ಪರದೆಯ ಒಂದು ಡಬ್ಬಿ. ಕಥೆಯನ್ನು ಇಲ್ಲಿಂದ ಶುರು ಮಾಡಲೇ ಓದುಗರೇ, ಇಲ್ಲವೇ ನಾಲ್ಕು ವರ್ಷ ಹಿಂದಿನಿಂದಲೇ? (ಮೊದಲ ಕರಡಿನಲ್ಲಿ ಹಿಡಕಲ್ ಹಿನ್ನೀರಿನ ಮೇಲೆ ಸೂರ್ಯೋದಯ ಮಾಡಿಸಿದ್ದೆ. ಹರಿದೆ. ಈ ಕಥೆಗೂ ನೀರಿಗೂ ಸಂಬಂಧವಿಲ್ಲ.)

೨
ಹಿಂದಿನದನ್ನು ಹೇಳಲೇಬೇಕು. ಗೋಕಾಕದ ಐಟಿಐಯಲ್ಲಿ ವಿಜಯಶ್ರೀ, ದಾಕ್ಷಾಯಿಣಿ ಒಂದೇ ಬೆಂಚಿನವರು. ಹುಕ್ಕೇರಿ ಕಡೆಯ ಒಂದು ಹಾಲಿನ ಡೇರಿಗೆಂದು ಇಬ್ಬರೂ ಸೇರಿ ಚಿತ್ರ ತೋರಿಸುವ ಈ ಡಬ್ಬಿ ಮಾಡಿದ್ದರು. ಪ್ರೋಗ್ರಾಮು ವಿಜಯಶ್ರೀಯದು, ವೈರುಗಳ ಬೆಸುಗೆ ದಾಕ್ಷಾಯಿಣಿಯದು. ಮಂದಿಯೆಲ್ಲ ನೆರೆದ ಮೇಲೆ ಡೇರಿಯ ಗುರುತಿನ ಎಮ್ಮೆಯ ಚಿತ್ರ ಕಳಿಸಿದರೆ, ಪರದೆಯಲ್ಲಿ ಕಾಲುಗಳು ನೆತ್ತಿಗೇರಿ ಕುಂತವು.

“ಏನವ್ವಾ, ಇದು ಎಮ್ಮಿನೋ ಕಾಲ ಮ್ಯಾಲ ಮಾಡಿದ ಹೊರಸೋ?” ಎಂದು ಅಧ್ಯಕ್ಷ ಮಾಲಿಂಗಪ್ಪ ನಕ್ಕರು.

“ಬೆಸಿಗಿ ಇಕೀದ್ರಿ. ಎಲ್ಲೋ ಲೂಜ್ ಬಿಟ್ಟಾಳ,” ಎಂದಳು ವಿಜಯಶ್ರೀ.

ದಾಕ್ಷಾಯಿಣಿ ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆದಳು. ಮತ್ತೆ ಫೋನ್ ಎತ್ತಲಿಲ್ಲ. ತನ್ನೂರು ಹುಕ್ಕೇರಿಯ ಕಡೆ ಆಮೇಲೆ ಯಾರೂ ಆಕೆಗೆ ಬೆಸುಗೆ ಕೆಲಸ ಕೊಡಲಿಲ್ಲ.

೩
ವಿಜಯಶ್ರೀ ಅದೇ ವರ್ಷ ದಾಕ್ಷಾಯಿಣಿಗೆ ಪತ್ರ ಬರೆದಳು. ‘ಇಬ್ಬರದೂ ತಪ್ಪಿರಬಹುದು’ ಎಂಬ ಸಾಲು ಅದರಲ್ಲಿತ್ತು. ಆ ಸಾಲಿನೊಂದಿಗೆ ಅಂಚೆಗೆ ಹಾಕಲು ಕೈ ಬರಲಿಲ್ಲ, ಹೊಡೆದು ಹಾಕಲೂ ಮನಸ್ಸಾಗಲಿಲ್ಲ. (ಇಲ್ಲಿ ಗಂಡ ಮಹೇಶನ ಕೈಯಿಂದ ಪತ್ರ ಬಚ್ಚಿಡಿಸಿದ್ದೆ. ಪಾಪ, ಅಂಥವನಲ್ಲ. ತೆಗೆದೆ.)

೫
ನಾಲ್ಕನೆಯದರಲ್ಲಿ ಎರಡು ಪುಟ ತಾಂತ್ರಿಕ ವಿವರವಿತ್ತು. ನನಗೇ ನಿದ್ದೆ ಬಂತು. ಸಾರ ಇಷ್ಟೆ. ಚಿತ್ರವೆಂದರೆ ಸಾಲು ಸಾಲು ಚುಕ್ಕೆ. ಡಬ್ಬಿಯೊಳಗಿನ ಚಿಪ್ ಒಂದು ಸಾಲು ಬಿಡಿಸುವಷ್ಟರಲ್ಲಿ ವೈರಿನಲ್ಲಿ ಮುಂದಿನವು ಬಂದು ಬೀಳುತ್ತವೆ. ಹಿಡಿದಿಡಲು ಅದಕ್ಕೆ ಜಾಗ ಸಾಲದು. ಕೆಲವು ಉದುರಿ ಹೋಗುತ್ತವೆ, ಉಳಿದವು ಅವುಗಳ ಜಾಗಕ್ಕೆ ಸರಿಯುತ್ತವೆ, ಕಾಲು ಮೇಲಕ್ಕೇರುತ್ತದೆ. ಈಗ ವಿಜಯಶ್ರೀ ಪ್ರೋಗ್ರಾಮು ಬದಲಿಸಿದ್ದಾಳೆ: ಪ್ರತಿ ಸಾಲಿಗೂ ಚಿಪ್ ‘ಬಂತು’ ಎಂದು ತಿಳಿಸಬೇಕು, ಆಮೇಲಷ್ಟೇ ಮುಂದಿನದು. ಹೀಗಾಗಿ ಚಿತ್ರ ನಿಧಾನ. ಹೀಗಾಗಿ ಪುಂಡಿಪಲ್ಯ.

ಕೋಡು ಬಂತು. ಮುಖ ಬಂತು. ಹೊಟ್ಟೆ.

“ಎಮ್ಮಿ ಬಂತೇನ ವಿಜಿ?” ಒಳಗಿನಿಂದ ಅತ್ತೆ ಸತ್ತೆವ್ವ.

“ಬಂತ್ರಿ ಅತ್ತಿ. ಕಾಲು ಕೆಳಗ ಅದಾವು.”

“ಬೆಸಿಗಿ ಮತ್ತ ಮಾಡಿದೇನ?”

“ಒಂದ ಎಳಿ ಮುಟ್ಟಿಲ್ರಿ. ದಾಕ್ಷಿದು ಬರೋಬ್ಬರಿ ಇತ್ತು.”

“ಮತ್ತ ನಾಕ ವರ್ಷ ಡಬ್ಬಿ ತಗೀಲಾರದ ಯಾಕ ಇಟ್ಟಿದ್ದಿ?”

“ತಗದಿದ್ರ ಗೊತ್ತಾಗತಿತ್ತಲ್ರಿ.”



೬
ಮುಕ್ತಾಯ ಅ: ದಾಕ್ಷಾಯಿಣಿ ಮೂಡಲಗಿಯಲ್ಲಿ ಬಸ್ಸಿಳಿದು ಅಪ್ಪಿಕೊಳ್ಳುತ್ತಾಳೆ. ಮುಕ್ತಾಯ ಆ: ಪತ್ರ ಹಾಗೇ ವಾಪಸು ಬರುತ್ತದೆ. ಎರಡನ್ನೂ ವಿಜಯಶ್ರೀಗೆ ಓದಿ ಹೇಳಿದೆ. ನನ್ನನ್ನು ಆಕೆ ಆಯಿ ಎನ್ನುತ್ತಾಳೆ.

“ಎರಡೂ ಹೊಡದ ಹಾಕ್ರಿ ಆಯೀ. ಆಕಿ ಏನ ಮಾಡತಾಳಂತ ನೀವ್ಯಾಕ ಹೇಳತೀರಿ? ನಾಕ ಮಂದಿ ಮುಂದ ಆಕಿ ಬಗ್ಗಿ ನಾ ಒಮ್ಮಿ ಮಾತಾಡಿದ್ದು ಸಾಕಾಗಿಲ್ಲೇನು?”

“ಸಾಲಿಗೊಮ್ಮೆ ಉತ್ತರಕ್ಕೆ ಕಾಯೋ ಯಂತ್ರ, ಉತ್ತರವೇ ಬಾರದ ಪತ್ರ... ಚೆನ್ನಾಗಿ ಹೊಂದುತ್ತದಲ್ಲ?” ಎಂದೆ.

“ಹೊಂದತೈತಿ ಅಂತನ ಬ್ಯಾಡ್ರಿ.”

ಅದನ್ನೂ ಹೊಡೆದು ಹಾಕಿದೆ. (ಓದುಗರಿಗೆ ಕಾಣಿಸುತ್ತಿದ್ದರೆ ಅಚ್ಚಿನವರ ತಪ್ಪು.)

೭
ಆಕೆ ಹೊಸ ಹಾಳೆಯಲ್ಲಿ ಬರೆದಳು: ‘ದಾಕ್ಷಿ, ನಿನ್ನ ಬೆಸುಗೆ ಸರಿ ಇತ್ತು. ತಪ್ಪು ನನ್ನ ಪ್ರೋಗ್ರಾಮಿನದು. ನೋಡದೆ ನಿನ್ನ ಮೇಲೆ ಹಾಕಿದೆ. ಈ ಸೋಮವಾರ ಡೇರಿಗೆ ಹೋಗಿ, ಅವತ್ತು ಕೇಳಿದವರ ಮುಂದೆಯೇ ಇದನ್ನು ಹೇಳುತ್ತೇನೆ. ನೀನು ಬರಬೇಕೆಂದಿಲ್ಲ.’

ಕೆಳಗೆ ನಾನೊಂದು ಸಾಲು ಸೂಚಿಸಿದೆ. ಬೇಡವೆಂದಳು.

ಮೂಡಲಗಿ ಪೋಸ್ಟಾಫೀಸಿನಲ್ಲಿ ಗುಮಾಸ್ತರು ಲಕೋಟೆ ತಿರುವಿ ನೋಡಿದರು. “ಹುಕ್ಕೇರಿಗೇನ್ರಿ? ರಿಜಿಸ್ಟರ್ ಮಾಡ್ರಿ, ಮುಟ್ಟಿದ್ದು ಗೊತ್ತಾಗತೈತಿ.”

“ಬ್ಯಾಡ್ರಿ. ಸಾದಾ ಇರಲಿ.”

ಸೋಮವಾರ ಡೇರಿಯ ಬಾಗಿಲಲ್ಲಿ ಯಾರು ನಿಂತಿರುತ್ತಾರೆ, ಕೇಳಬೇಡಿ, ಇವತ್ತಿನ್ನೂ ಗುರುವಾರ. ಗುಮಾಸ್ತರು ಅಂಚೆಚೀಟಿಯ ಮೇಲೆ ಮುದ್ರೆ ಗುದ್ದಿ, ಲಕೋಟೆಯನ್ನು ಹುಕ್ಕೇರಿಯ ಚೀಲಕ್ಕೆ ಎಸೆದರು.