ಗ್ರಹಣದ ಹೊತ್ತಿನ ಕತ್ತರಿ

ಪ್ರಿಯಾಳ ಕೈಯಲ್ಲಿದ್ದ ಕತ್ತರಿಯನ್ನು ಜೋಗಪ್ಪ ಕಸಿದುಕೊಂಡ.

"ಏಳು ತಿಂಗಳ ಬಸುರಿ ನೀನು. ಇನ್ನೇನು ಗ್ರಹಣ ಹಿಡಿತೈತಿ. ಒಳಗ ಹೋಗಿ ಮಲಗವ್ವ."

"ನಮ್ಮಪ್ಪಗ ಹೊದಿಸೋ ಬಟ್ಟಿ, ಕಾಕಾ. ನಾನ ಕತ್ತರಿಸ್ತೀನಿ."

"ಬಸುರಿದ್ದಾಗ ನಮ್ಮವ್ವ ಗ್ರಹಣದಾಗ ಸೌತಿಕಾಯಿ ಹೆಚ್ಚಿದ್ಲು. ಅಣ್ಣನ ತುಟಿ ಏನಾತು? ಊರಿಗೆಲ್ಲ ಗೊತ್ತೈತಿ."

ಅಂಗಳದ ಬೇವಿನ ಮರದ ಕೆಳಗೆ ಮಲಗಿಸಿದ್ದ ಡಾಕ್ಟರ್ ಭೀಮರಾಜನ ತಲೆಯ ಹತ್ತಿರ ತಾಯಿ ಗಿಡ್ಡಮ್ಮ ಕುಳಿತಿದ್ದಳು. ಬಳ್ಳಾರಿಯಲ್ಲಿ ಎದೆನೋವು ಬಂದು ತೀರಿಕೊಂಡ ಹಿರಿಯ ಮಗನನ್ನು ಕಾನಹೊಸಹಳ್ಳಿಗೆ ತಂದಾಗಿನಿಂದ ಅವಳು ಅತ್ತಿರಲಿಲ್ಲ. ಸೀಳಿ ಹುಟ್ಟಿದ ಮೇಲ್ತುಟಿಗೆ ಹುಡುಗನಾಗಿದ್ದಾಗ ಹಾಕಿಸಿದ ಹೊಲಿಗೆ, ಅವನ ಮುಖದಲ್ಲಿ ಉಳಿದ ಒಂದೇ ಗೆರೆಯ ಹಾಗೆ ಕಾಣುತ್ತಿತ್ತು.

ಜೋಗಪ್ಪ ಕಿರಿಯ ಮಗ. ಅವನು ಹೇಳಿದ್ದು ಹೊಸದಲ್ಲ. ನಲ್ಲಿಯ ಹತ್ತಿರ, ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ ಅದನ್ನೇ ಕೇಳಿಕೊಂಡು ಗಿಡ್ಡಮ್ಮ ಮುದುಕಿಯಾಗಿದ್ದಳು. ಅವತ್ತು ಹಸಿವಾಗಿತ್ತು, ಹೆಚ್ಚಿ ತಿಂದಿದ್ದಳು. ಅಷ್ಟೇ.

*

"ಅವ್ವಾ, ಹಿಟ್ಟಿನಾಗ ಒಂದು ಕೂಸಿನ ಬಾಯಿ ಮಾಡಿಕೊಡು."

ವರ್ಷಗಳ ಹಿಂದೆ, ಪ್ಲಾಸ್ಟಿಕ್ ಸರ್ಜನ್ ಆದ ಹೊಸದರಲ್ಲಿ ರಜೆಗೆ ಬಂದ ಭೀಮರಾಜ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೇಳಿದ್ದ. ತುಟಿ, ಅಂಗುಳ ಸೀಳಿ ಹುಟ್ಟಿದ ಮಕ್ಕಳಿಗೆ ಹೊಲಿಗೆ ಹಾಕುವಾಗ ಬಾಯಿ ತೆರೆದು ಹಿಡಿಯುವ ಉಕ್ಕಿನ ಚೌಕಟ್ಟು ಈ ಕಡೆಯ ಸಣಕಲು ಕೂಸುಗಳಿಗೆ ದೊಡ್ಡದಾಗುತ್ತಿತ್ತು. ಒಮ್ಮೊಮ್ಮೆ ಉಸಿರಾಟಕ್ಕೆಂದು ಬಾಯಿಯೊಳಗೆ ಇಳಿಸಿದ ನಳಿಕೆಯೇ ಮಡಚಿಕೊಳ್ಳುತ್ತಿತ್ತು.

ಗಿಡ್ಡಮ್ಮ ಜೋಳದ ಹಿಟ್ಟು ನಾದಿ ಬಾಯಿ ಮಾಡಿದಳು, ನಾಲಿಗೆಯನ್ನೂ ಇಟ್ಟಳು. ಅವನು ತಂತಿ ಬಗ್ಗಿಸಿ ಸಣ್ಣ ಚೌಕಟ್ಟು ಮಾಡಿ ಒಳಗಿಟ್ಟ, ತೆಗೆದ, ಮತ್ತೆ ಬಗ್ಗಿಸಿದ. ನಾಲಿಗೆ ಒತ್ತುವ ಪಟ್ಟಿಯ ನಡುವೆ ನಳಿಕೆಗೆಂದು ಒಂದು ಕಾಲುವೆ ಬಿಟ್ಟ. ಅಷ್ಟರಲ್ಲಿ ಹಿಟ್ಟು ಒಣಗಿ ಬಿರಿಯಿತು.

"ಇನ್ನೊಂದು ಬಾಯಿ, ಅವ್ವಾ."

"ಲೇ, ಹಿಟ್ಟೆಲ್ಲ ಬಾಯಿಗೇ ಹೋತು. ಹೊಟ್ಟಿಗೇನು ಮಾಡ್ಲಿ?"

ಮುಂದಿನ ವರ್ಷ ಉಕ್ಕಿನದನ್ನೇ ಮಾಡಿಸಿ ತಂದು ಅವಳ ಅಂಗೈಯಲ್ಲಿಟ್ಟ. "ಇದಕ್ಕ ನಿನ್ನ ಹೆಸರು ಇಟ್ಟೀನಿ."

ಅವಳು ಬೆಚ್ಚಿದಳು. "ಕೂಸಿನ ಬಾಯಾಗ ನನ್ನ ಹೆಸರೇನೋ? ನನ್ನ ಕೈಗುಣ ಗೊತ್ತಿಲ್ಲೇನು? ತೆಗಿ ಮದ್ಲು."

"ಆತು ಬಿಡವ್ವ, ತೆಗಿತೀನಿ," ಎಂದು ನಕ್ಕಿದ್ದ.

*

ಆಪರೇಷನ್ ಥಿಯೇಟರಿನ ನರ್ಸ್ ಮೆಹರೀನ ಬಳ್ಳಾರಿಯಿಂದ ಹೆಣದ ಹಿಂದೆಯೇ ಬಂದಿದ್ದಳು. ಈಗ ಮುದುಕಿಯ ಪಕ್ಕ ಕುಳಿತು, "ಅಮ್ಮಾ, ನಿಮ್ಮ ಹೆಸರೇನ್ರಿ?" ಎಂದಳು.

"ಗಿಡ್ಡಮ್ಮ."

ಮೆಹರೀನ ದುಪಟ್ಟಾವನ್ನು ಬಾಯಿಗೆ ಒತ್ತಿಕೊಂಡಳು. "ಯಾ ಅಲ್ಲಾ, ಆ ಗಿಡ್ಡಮ್ಮ ನೀವೇನ್ರಿ? ಕೂಸನ್ನ ಟೇಬಲ್ ಮ್ಯಾಲೆ ಮಲಗಿಸಿದ ಕೂಡ್ಲೆ ಸರ್ ಕೈ ಚಾಚಿ 'ಗಿಡ್ಡಮ್ಮ ಕೊಡ್ರಿ' ಅಂತಿದ್ರು. ನಾವೆಲ್ಲಾ ಹಂಗ ಅಂತೀವ್ರಿ. ಉಕ್ಕಿನ ಮ್ಯಾಲೇ ಕೆತ್ತೈತಿ."

"ತೆಗಿತೀನಿ ಅಂದಿದ್ನಲ್ಲ?"

"ಎಲ್ಲಿ ತೆಗೀತಾರ್ರಿ! ಅದು ಬಾಯಾಗ ಇದ್ದ ಕೂಸುಗಳು ಈಗ ಪಾಟಿಚೀಲ ಹಾಕ್ಕೊಂಡು ಸಾಲಿಗೆ ಹೊಂಟಾವ."

ಗಿಡ್ಡಮ್ಮ ಮಗನ ತುಟಿಯ ಗೆರೆಯನ್ನು ಹೆಬ್ಬೆರಳಿನಿಂದ ಸವರಿದಳು. "ಹಡೆದವ್ವಗ ಸುಳ್ಳು ಹೇಳಿದೆಲ್ಲೋ," ಎಂದಳು. ಮೊಣಕಾಲು ಊರಿ ಎದ್ದು ಜೋಗಪ್ಪನ ಮುಂದೆ ಕೈ ಚಾಚಿದಳು.

"ಕತ್ತರಿ ಕೊಡು."

"ಅವ್ವಾ, ಬಿಸಿಲು ಮಂಕಾತು ನೋಡು. ಹಿಡದೈತಿ."

"ಕಾಣ್ತೈತಿ, ಕಣ್ಣದಾವ ನನಗ. ಹಸಿವಾಗಿತ್ತು, ಸೌತಿಕಾಯಿ ಹೆಚ್ಚಿದೆ. ಇವತ್ತು ಹಸಿವಾದ್ರೂ ಹೆಚ್ಚತೀನಿ. ಕೊಡಲೇ!"

ಕತ್ತರಿ ಬಂದ ಕೂಡಲೇ ಅದನ್ನು ಮೊಮ್ಮಗಳ ಕೈಗಿಟ್ಟಳು. "ಸೊಟ್ಟ ಕತ್ತರಿಸಬ್ಯಾಡ. ನಿಮ್ಮಪ್ಪ ಬೈತಾನ."

ಬಿಳಿ ಬಟ್ಟೆಯ ಒಂದು ಅಂಚನ್ನು ಗಿಡ್ಡಮ್ಮ, ಇನ್ನೊಂದನ್ನು ಮೆಹರೀನ ಬಿಗಿಯಾಗಿ ಹಿಡಿದರು. ಬೇವಿನೆಲೆಗಳ ಸಂದಿನಿಂದ ಇಳಿದ, ಗ್ರಹಣ ಕಚ್ಚಿದ ಸೂರ್ಯನ ಬೆಳಕು ಬಟ್ಟೆಯ ತುಂಬ ಸಣ್ಣ ಸಣ್ಣ ಕುಡುಗೋಲುಗಳಾಗಿ ಬಿದ್ದು ನಡುಗುತ್ತಿತ್ತು. ಪ್ರಿಯಾಳ ಕತ್ತರಿ ಒಂದೊಂದನ್ನೇ ದಾಟಿ, ನೆಟ್ಟಗೆ, ಅಜ್ಜಿಯ ಕಡೆಗೆ ಬಂತು.